ತುಟಿಯ ಒತ್ತು, ಹಲ್ಲಿನ ಸಾಲು

ಮಕ್ಕಳೇ, ಶಿರವಾಳದ ಹಳೆಯ ಗುಡಿಗಳನ್ನು ಕಂಡ ನೀವು ಶಹಾಪುರದ ಬೆಟ್ಟವನ್ನೂ ನೋಡಿರುತ್ತೀರಿ. ದೂರದಿಂದ ಅದು ಅಂಗಾತ ಮಲಗಿದ ಬುದ್ಧನಂತೆ ಕಾಣುತ್ತದೆ. ಹಣೆ, ಮೂಗು, ತುಟಿ, ಗದ್ದ. ಇಷ್ಟು ಏರಿಳಿತ ಕಂಡರೆ ಸಾಕು, ಮುಖವೆಂದು ಗುರುತಿಸುತ್ತೇವೆ. ಹಾಗಾದರೆ ನಿಮ್ಮ ಮುಖಕ್ಕೆ ಆಕಾರ ಕೊಟ್ಟಿದ್ದು ಯಾವುದು? ಮೂಳೆ ಎನ್ನುವಿರಿ. ನಿಜ, ತಂದೆತಾಯಿಗಳಿಂದ ಬಂದ ಗುಣವೇ ಅದರಲ್ಲಿ ಹೆಚ್ಚು. ಆದರೆ ಮೆತ್ತನೆಯ ತುಟಿಗೂ ಒಂದು ಪಾಲಿದೆ.

ತುಟಿಗಳೊಳಗೆ ಬಾಯಿಯ ಸುತ್ತ ಉಂಗುರದಂಥ ಸ್ನಾಯು ಇದೆ. ಹೆಸರು ಆರ್ಬಿಕ್ಯುಲಾರಿಸ್ ಓರಿಸ್. 'ಅಮ್ಮ' ಎನ್ನಿರಿ, ಅದರ ಕೆಲಸ ತಿಳಿಯುತ್ತದೆ. ಕೆನ್ನೆಯ ಸ್ನಾಯು ಬಕ್ಸಿನೇಟರ್. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಕಹಳೆ ಊದುವವನು! ಇವೆರಡೂ ಹಲ್ಲುಗಳನ್ನು ಹೊರಗಿನಿಂದ ಒಳಕ್ಕೆ ಒತ್ತುತ್ತವೆ, ನಾಲಿಗೆ ಒಳಗಿನಿಂದ ಹೊರಕ್ಕೆ ಒತ್ತುತ್ತದೆ. ನಡುವೆ ಹಲ್ಲಿನ ಸಾಲು ನಿಲ್ಲುತ್ತದೆ.

ಖಡಕ್ ರೊಟ್ಟಿ ಅಗಿಯುವಾಗ ಹಲ್ಲಿನ ಮೇಲೆ ಬೀಳುವ ಬಲ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆದರೂ ಹಲ್ಲು ಜರುಗುವುದಿಲ್ಲ, ಏಕೆಂದರೆ ಆ ಬಲ ಕ್ಷಣಮಾತ್ರದ್ದು. ತುಟಿಯ ಒತ್ತು ಸಣ್ಣದು, ಆದರೆ ಹಗಲೂ ರಾತ್ರಿ ಇರುತ್ತದೆ. ಬಹಳ ಹೊತ್ತು ಒತ್ತು ಬಿದ್ದ ಕಡೆ ಹಲ್ಲಿನ ಬುಡದ ಮೂಳೆ ಕರಗುತ್ತದೆ, ಎದುರು ಬದಿಯಲ್ಲಿ ಹೊಸ ಮೂಳೆ ಬೆಳೆಯುತ್ತದೆ. ದಂತವೈದ್ಯರು ತಂತಿ ಕಟ್ಟಿ ಹಲ್ಲು ಸರಿಪಡಿಸುವುದೂ ಹೀಗೆಯೇ. ಐದಾರು ವರ್ಷವಾದರೂ ಹೆಬ್ಬೆರಳು ಚೀಪುವುದು ಬಿಡದಿದ್ದರೆ ಮುಂದಿನ ಹಲ್ಲು ಉಬ್ಬುವುದೂ ಇದರಿಂದಲೇ. ಸದಾ ಬಾಯಿ ತೆರೆದಿರುವ ಮಗುವನ್ನು ಮಾತ್ರ ಗದರಿಸಬೇಡಿ. ಮೂಗು ಕಟ್ಟಿದ್ದರೆ ಅದು ಉಸಿರಾಡುವುದಾದರೂ ಹೇಗೆ?

ತುಟಿಯ ಉಂಗುರ ಹುಟ್ಟುವಾಗಲೇ ಕಡಿದಿದ್ದರೆ? ಅದೇ ಸೀಳುತುಟಿ. ಗರ್ಭಿಣಿ ಗ್ರಹಣ ನೋಡಿದರೆ ಹೀಗಾಗುತ್ತದೆ ಎಂಬ ಮಾತನ್ನು ಚಿಕ್ಕಂದಿನಲ್ಲಿ ನಾನೂ ನಂಬಿದ್ದೆ. ಅದು ಸುಳ್ಳು. ಗರ್ಭದಲ್ಲಿ 4ರಿಂದ 7ನೆಯ ವಾರದೊಳಗೆ ಮುಖದ ಎರಡೂ ಬದಿಯ ಭಾಗಗಳು ಬಂದು ಕೂಡಿ ತುಟಿಯಾಗಬೇಕು. ಅವು ಪೂರ್ತಿ ಕೂಡದಿದ್ದರೆ ಸೀಳು ಉಳಿಯುತ್ತದೆ. ಅದಕ್ಕೂ ಚಂದ್ರನಿಗೂ ಸಂಬಂಧವಿಲ್ಲ. ಸೀಳು ಎರಡೂ ಬದಿ ಇದ್ದು ದವಡೆಯವರೆಗೆ ಹೋಗಿದ್ದರೆ, ಮೇಲ್ದವಡೆಯ ನಡುಭಾಗ ತಡೆಯಿಲ್ಲದೆ ಮುಂದಕ್ಕೆ ಚಾಚಿಕೊಳ್ಳುತ್ತದೆ. ಸಾಮಾನ್ಯವಾಗಿ ಮಗುವಿಗೆ 3ರಿಂದ 6 ತಿಂಗಳಾದಾಗ ವೈದ್ಯರು ತುಟಿಯನ್ನು, ಒಳಗಿನ ಸ್ನಾಯುವನ್ನೂ ಸೇರಿಸಿ, ಹೊಲಿಯುತ್ತಾರೆ. ಆಮೇಲೆ ಆ ತುಟಿಯ ಒತ್ತೇ ಚಾಚಿದ ಮೂಳೆಯನ್ನು ತಿಂಗಳುಗಟ್ಟಲೆ ಮೆಲ್ಲಗೆ ಹಿಂದಕ್ಕೆ ತರುತ್ತದೆ! ಗಾಯದ ಕಲೆ ಅತಿಯಾಗಿ ಬಿಗಿದರೆ ಮೇಲ್ದವಡೆ ಮುಂದಕ್ಕೆ ಬೆಳೆಯದೆ ಉಳಿಯುವುದೂ ಉಂಟು. ಆದ್ದರಿಂದ ಇಂಥ ಮಕ್ಕಳನ್ನು ವೈದ್ಯರು ದೊಡ್ಡವರಾಗುವ ತನಕ ಮತ್ತೆ ಮತ್ತೆ ಕರೆದು ನೋಡುತ್ತಾರೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿಗೆ ಉಚಿತ ಚಿಕಿತ್ಸೆ ಇದೆ. ವಯಸ್ಸು ಮೀರಿದ್ದರೂ ಹೊಲಿಯಬಹುದು. ನಾಚಿಕೆಯಿಂದ ಶಾಲೆ ಬಿಟ್ಟು ಮನೆಯಲ್ಲಿರುವ ಅಂಥ ಮಗು ನಿಮ್ಮ ಓಣಿಯಲ್ಲಿದ್ದರೆ ಗುರುಗಳಿಗೆ ತಿಳಿಸಿ. ತಪಾಸಣೆಯ ತಂಡ ಶಾಲೆಗೆ ಬರುವ ದಿನ ಆ ಮಗುವೂ ಬರಲಿ.