ಕೊಟ್ಟಿದ್ದು ಒಂದಕ್ಕೆ, ಹೋಗಿದ್ದು ಇನ್ನೊಂದಕ್ಕೆ

2025ರ ಡಿಸೆಂಬರ್ ಮೊದಲ ವಾರ ದಿಲ್ಲಿಯಲ್ಲಿ ನಡೆದ ಒಂದು ಪ್ರಸಂಗವನ್ನು ನಮ್ಮಲ್ಲಿ ಹಲವರು ಆಗಲೇ ಮರೆತಿರಬಹುದು. ದೇಶದಲ್ಲಿ ಮಾರಾಟವಾಗುವ ಪ್ರತಿ ಹೊಸ ಫೋನಿನಲ್ಲೂ 'ಸಂಚಾರ್ ಸಾಥಿ' ಎಂಬ ಸರ್ಕಾರಿ ಆ್ಯಪ್ ಮೊದಲೇ ಇರಬೇಕು, ಅದರ ಕೆಲಸಕ್ಕೆ ಯಾವ ತಡೆಯೂ ಇರಬಾರದು ಎಂದು ದೂರಸಂಪರ್ಕ ಇಲಾಖೆ ನವೆಂಬರ್ 28ರಂದು ಫೋನ್ ಕಂಪನಿಗಳಿಗೆ ಸೂಚಿಸಿತ್ತು. ಸುದ್ದಿ ಹೊರಬಿದ್ದದ್ದೇ ತಡ, ಸಂಸತ್ತಿನ ಒಳಗೂ ಹೊರಗೂ ಗಲಾಟೆ ಎದ್ದಿತು. ಬೇಡದವರು ಅಳಿಸಿಕೊಳ್ಳಬಹುದು ಎಂದು ಸಚಿವರು ಸಮಜಾಯಿಷಿ ಕೊಟ್ಟರು. ಡಿಸೆಂಬರ್ 3ರಂದು ಸರ್ಕಾರ ಆ ಕಡ್ಡಾಯವನ್ನೇ ಕೈಬಿಟ್ಟಿತು.

ಮೊದಲೇ ಹೇಳಿಬಿಡುತ್ತೇನೆ, ಆ ಆ್ಯಪ್ ಕೆಟ್ಟದ್ದೇನಲ್ಲ. ಕಳೆದುಹೋದ ಫೋನನ್ನು ಅದರಲ್ಲಿ ಬ್ಲಾಕ್ ಮಾಡಿಸಬಹುದು. ನಿಮ್ಮ ಹೆಸರಲ್ಲಿ ನಿಮಗೇ ಗೊತ್ತಿಲ್ಲದೆ ಯಾರಾದರೂ ಸಿಮ್ ಪಡೆದಿದ್ದಾರೆಯೇ ಎಂದು ನೋಡಬಹುದು. ಬೇಕೆನಿಸಿದರೆ ಹಾಕಿಕೊಳ್ಳಿ. ನನ್ನ ತಕರಾರು ಆ್ಯಪಿನ ಮೇಲಲ್ಲ, 'ಇರಲೇಬೇಕು' ಎಂಬ ಮಾತಿನ ಮೇಲೆ. ನಾನು ದುಡ್ಡು ಕೊಟ್ಟು ಕೊಂಡ ಫೋನಿನ ಬಾಗಿಲಿಗೆ ನನ್ನನ್ನು ಕೇಳದೆ ಇನ್ನೊಂದು ಬೀಗದಕೈ ಮಾಡಿಸುವುದು ಬೇರೆ, ಬೇಕಾದಾಗ ನಾನೇ ಕರೆದು ಕೊಡುವುದು ಬೇರೆ.

ಇದನ್ನು ಹೇಳಿದಾಗೆಲ್ಲ ನಮ್ಮ ಗಾಜುವಾಕದ ಕನ್ನಡಿಗರ ನಡುವೆಯೂ ಒಂದೇ ಉತ್ತರ ಬರುತ್ತದೆ: "ನನ್ನ ಹತ್ರ ಮುಚ್ಚಿಡೋಕೆ ಏನಿದೆ ಸಾರ್? ತಪ್ಪು ಮಾಡಿದವರು ಹೆದರಬೇಕು." ಈ ಮಾತಿಗೆ ದಿಲ್ಲಿಯಿಂದ ಉತ್ತರ ತರಬೇಕಾಗಿಲ್ಲ. ನಾವು ಬಾಡಿಗೆಗಿರುವ ಈ ಆಂಧ್ರಪ್ರದೇಶವೇ ಉತ್ತರ ಕೊಟ್ಟಿದೆ.

ಮನೆ ಕೇಳಿದವರು, ಮಾತ್ರೆ ಕೊಂಡವರು

2018ರ ಏಪ್ರಿಲ್. ರಾಜ್ಯದ ವಸತಿ ನಿಗಮದ ವೆಬ್‌ಸೈಟಿನಲ್ಲಿ ಸುಮಾರು 1.34 ಲಕ್ಷ ಫಲಾನುಭವಿಗಳ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಜಾತಿ, ಧರ್ಮ ಎಲ್ಲವೂ ಬಟಾಬಯಲಾಗಿ ಬಿದ್ದಿರುವುದನ್ನು ಶ್ರೀನಿವಾಸ್ ಕೊಡಾಲಿ ಎಂಬ ಸಂಶೋಧಕರು ಬೆಳಕಿಗೆ ತಂದರು. ಯಾರೂ ಕನ್ನ ಹಾಕಿರಲಿಲ್ಲ. ಬಾಗಿಲೇ ತೆರೆದಿತ್ತು. ಆ ಜನ ಮಾಡಿದ ತಪ್ಪಾದರೂ ಏನು? ತಲೆ ಮೇಲೊಂದು ಸೂರು ಕೊಡಿ ಎಂದು ಅರ್ಜಿ ಹಾಕಿದ್ದು.

ಅದೇ ವರ್ಷದ ಜೂನ್‌ನಲ್ಲಿ ಇನ್ನೊಂದು. ಸರ್ಕಾರದ 'ಅಣ್ಣ ಸಂಜೀವಿನಿ' ಔಷಧಿ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಮಾತ್ರೆ ಕೊಂಡವರ ಹೆಸರು, ಫೋನ್ ನಂಬರ್, ಕೊಂಡ ಮಾತ್ರೆಯ ಹೆಸರು, ಎಲ್ಲವೂ ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡುವಂತಿತ್ತು. ಗಂಡಸರು ಅಂಗಡಿಯಲ್ಲಿ ದನಿ ತಗ್ಗಿಸಿ ಕೇಳುವ ಮಾತ್ರೆಗಳೂ ಆ ಪಟ್ಟಿಯಲ್ಲಿದ್ದವು. ಮುಚ್ಚಿಡೋಕೆ ಏನಿದೆ ಎನ್ನುವವರು ತಮ್ಮ ಮನೆಯ ಮಾತ್ರೆ ಡಬ್ಬಿಯನ್ನು ಒಮ್ಮೆ ತೆರೆದು ನೋಡಲಿ. ಮುಚ್ಚಿಡುವುದು ಕಳ್ಳತನವನ್ನು ಮಾತ್ರವಲ್ಲ. ಕಾಯಿಲೆಯನ್ನು, ಸಾಲವನ್ನು, ಮಗಳ ಮದುವೆಯ ಮಾತುಕತೆಯನ್ನೂ ಮುಚ್ಚಿಡುತ್ತೇವೆ. ಇದಕ್ಕೆ ಮರ್ಯಾದೆ ಎಂದು ಹೆಸರು.

ಎರಡೂ ಪ್ರಕರಣಗಳಲ್ಲಿ ಬೇಹುಗಾರರಿಲ್ಲ, ಕದ್ದು ಕೇಳುವ ಯಂತ್ರವಿಲ್ಲ. ಜನ ಒಂದು ಕೆಲಸಕ್ಕೆಂದು ಕೊಟ್ಟ ಮಾಹಿತಿ ಇನ್ನೆಲ್ಲಿಗೋ ಹೋಗಿದೆ, ಅಷ್ಟೆ. ಸರ್ಕಾರಿ ಕಣ್ಗಾವಲು ಎಂದ ಕೂಡಲೇ ನಾವು ಸಿನಿಮಾದ ಗೂಢಚಾರನನ್ನು ನೆನೆಯುತ್ತೇವೆ. ನಿಜವಾದ ಕಣ್ಗಾವಲು ಅರ್ಜಿ ನಮೂನೆಯ ಒಂದು ಖಾಲಿ ಗೆರೆಯಿಂದ ಶುರುವಾಗುತ್ತದೆ.

ಪಕ್ಷ ಬದಲಾದರೂ ಪಟ್ಟಿ ಇರುತ್ತದೆ

ಈ ರಾಜ್ಯದಲ್ಲಿ ಪಟ್ಟಿ ಮಾಡುವ ಕೆಲಸ ದೊಡ್ಡ ಮಟ್ಟದಲ್ಲಿ ನಡೆದಿದೆ. 2016ರ ಜುಲೈನಲ್ಲಿ ಆರಂಭವಾದ 'ಪ್ರಜಾ ಸಾಧಿಕಾರ ಸಮೀಕ್ಷೆ'ಯಲ್ಲಿ ಸಿಬ್ಬಂದಿ ಟ್ಯಾಬ್ಲೆಟ್ ಹಿಡಿದು ಮನೆಮನೆಗೆ ಹೋದರು. ಮರುವರ್ಷ ವಿಜಯವಾಡದ ಪಕ್ಕದ ವೆಲಗಪೂಡಿ ಸಚಿವಾಲಯದಲ್ಲಿ ರಿಯಲ್ ಟೈಮ್ ಗವರ್ನೆನ್ಸ್ ಕೇಂದ್ರ ಶುರುವಾಯಿತು. ಇಲಾಖೆಗಳ ಮಾಹಿತಿ ಒಂದೇ ಸೂರಿನಡಿ, ಗೋಡೆ ತುಂಬ ಪರದೆಗಳು. 2019ರಲ್ಲಿ ಸರ್ಕಾರ ಬದಲಾಯಿತು, ವಾಲಂಟೀರ್‌ಗಳು ಬಂದರು. ಸುಮಾರು 50 ಮನೆಗೆ ಒಬ್ಬರಂತೆ, ರಾಜ್ಯಕ್ಕೆಲ್ಲ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ. ತಿಂಗಳ ಮೊದಲ ದಿನ ಅಜ್ಜಿಯ ಕೈಗೆ ಪಿಂಚಣಿ ತಂದುಕೊಟ್ಟವರೂ ಅವರೇ, ಆ ಮನೆಯಲ್ಲಿ ಯಾರಿದ್ದಾರೆ, ಯಾವ ಯೋಜನೆಯ ದುಡ್ಡು ಬರುತ್ತಿದೆ ಎಂದು ಫೋನಿನಲ್ಲಿ ತುಂಬಿಕೊಂಡವರೂ ಅವರೇ. ಅನುಕೂಲ ಆದದ್ದು ನಿಜ. ಬೀದಿಯ ಪ್ರತಿ ಮನೆಯ ಒಳಗುಟ್ಟು ಒಬ್ಬರ ಜೇಬಿನಲ್ಲಿದ್ದದ್ದೂ ನಿಜ.

ರಾಜಕೀಯ ಪಕ್ಷಗಳು ಈ ವಿಷಯದಲ್ಲಿ ಆಡಿದ ನಾಟಕ ನೋಡುವಂಥದ್ದು. 2019ರ ಚುನಾವಣೆಗೆ ಮುಂಚೆ ತೆಲುಗುದೇಶಂನ 'ಸೇವಾ ಮಿತ್ರ' ಆ್ಯಪಿಗೆ ಕೆಲಸ ಮಾಡಿಕೊಟ್ಟ ಹೈದರಾಬಾದಿನ ಐಟಿ ಗ್ರಿಡ್ಸ್ ಕಂಪನಿಯಲ್ಲಿ ಎರಡೂ ತೆಲುಗು ರಾಜ್ಯಗಳ 7.8 ಕೋಟಿಗೂ ಹೆಚ್ಚು ಜನರ ಆಧಾರ್ ಮಾಹಿತಿ ಸಿಕ್ಕಿದೆ ಎಂದು ತನಿಖಾ ತಂಡ ಹೇಳಿತು, ಆಧಾರ್ ಪ್ರಾಧಿಕಾರ ದೂರು ಕೊಟ್ಟಿತು. ಪಕ್ಷ ಆರೋಪವನ್ನು ಅಲ್ಲಗಳೆಯಿತು. ಆಗ ಗುಲ್ಲೆಬ್ಬಿಸಿದ್ದು ವೈಎಸ್ಸಾರ್ ಕಾಂಗ್ರೆಸ್. 2023ರಲ್ಲಿ ವಾಲಂಟೀರ್‌ಗಳ ಕೈಗೆ ಜನರ ಮಾಹಿತಿ ಹೋಗುತ್ತಿದೆ ಎಂದು ಪವನ್ ಕಲ್ಯಾಣ್ ಗುಡುಗಿದಾಗ ಅಲ್ಲಗಳೆಯುವ ಸರದಿ ವೈಎಸ್ಸಾರ್ ಕಾಂಗ್ರೆಸ್ಸಿನದಾಯಿತು. ನಾನು ಗಮನಿಸಿದಂತೆ, ವಿರೋಧ ಪಕ್ಷದಲ್ಲಿ ಕೂತಾಗ ಎಲ್ಲರೂ ಖಾಸಗಿತನದ ಭಕ್ತರು. ಅಧಿಕಾರಕ್ಕೆ ಬಂದ ಮೇಲೆ ಹಳೆಯ ಪಟ್ಟಿ ಸುಟ್ಟುಹಾಕಿದ್ದೇವೆ ಎಂದು ಒಬ್ಬರಾದರೂ ಹೇಳಿದ್ದನ್ನು ನಾನು ಕೇಳಿಲ್ಲ.

ಇದು ಆಂಧ್ರದ ಕಥೆ, ನಮ್ಮ ಕರ್ನಾಟಕ ಹಾಗಲ್ಲ ಎಂದು ಯಾರೂ ಮೀಸೆ ತಿರುವಬೇಕಾಗಿಲ್ಲ. 2020ರ ಕೊರೊನಾ ಕಾಲದಲ್ಲಿ ಮನೆಯಲ್ಲೇ ಕ್ವಾರಂಟೈನ್ ಆದವರ ವಿಳಾಸಗಳ ಪಟ್ಟಿಯನ್ನು ಕರ್ನಾಟಕ ಸರ್ಕಾರವೇ ಪ್ರಕಟಿಸಿತು. ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಿ ಎಂದು ಆ್ಯಪಿನಲ್ಲಿ ಕೇಳಿತು. 2022ರ ನವೆಂಬರ್‌ನಲ್ಲಿ ಬೆಂಗಳೂರಿನ 'ಚಿಲುಮೆ' ಹಗರಣ ಹೊರಬಂತು. ಮತದಾರರಲ್ಲಿ ಅರಿವು ಮೂಡಿಸಲೆಂದು ಬಿಬಿಎಂಪಿಯಿಂದ ಅನುಮತಿ ಪಡೆದ ಸಂಸ್ಥೆಯ ಹುಡುಗರು ಸರ್ಕಾರಿ ಸಿಬ್ಬಂದಿಯಂತೆ ಗುರುತಿನ ಚೀಟಿ ಹಾಕಿಕೊಂಡು ಮನೆಮನೆಯ ಮಾಹಿತಿ ಸಂಗ್ರಹಿಸಿದ್ದರೆಂಬುದು ಆರೋಪ. ಚುನಾವಣಾ ಆಯೋಗ ಇಬ್ಬರು ಐಎಎಸ್ ಅಧಿಕಾರಿಗಳ ಅಮಾನತಿಗೆ ಆದೇಶಿಸಿತು. ಮರುವರ್ಷ ಮಂಗಳೂರು ಕಡೆ ಹಲವರ ಬ್ಯಾಂಕ್ ಖಾತೆಯಿಂದ ಓಟಿಪಿಯೂ ಇಲ್ಲದೆ ದುಡ್ಡು ಹೋಯಿತು. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಮೂಲಕ ಹಣ ತೆಗೆಯುವ ದಾರಿಯಲ್ಲಿ ಕದ್ದಿದ್ದಾರೆ ಎಂದು ಪೊಲೀಸರು ಹೇಳಿದರು. ಬೆರಳು ಒತ್ತಿದ್ದು ಸೈಟಿನ ನೋಂದಣಿಗೆ, ಖಾಲಿಯಾದದ್ದು ಬ್ಯಾಂಕ್ ಖಾತೆ. ಪಾಸ್‌ವರ್ಡ್ ಹೋದರೆ ಬದಲಿಸಬಹುದು. ಬೆರಳು ಬದಲಿಸಲು ಬರುವುದಿಲ್ಲ.

ಹೆಗಡೆಯವರಿಂದ ಪುಟ್ಟಸ್ವಾಮಿಯವರವರೆಗೆ

ಹಿರಿಯ ಓದುಗರಿಗೆ 1988 ನೆನಪಿರುತ್ತದೆ. ಫೋನ್ ಕದ್ದಾಲಿಕೆಯ ಆರೋಪದಲ್ಲಿ ರಾಮಕೃಷ್ಣ ಹೆಗಡೆಯವರು ಆ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಆಗ ಒಬ್ಬರ ಮಾತು ಕೇಳಬೇಕೆಂದರೆ ಇನ್ನೊಬ್ಬರು ಕೂತು ಕಿವಿಗೊಡಬೇಕಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು, ಅದಕ್ಕೆ ಅವಧಿ ಇರಬೇಕು, ಪರಿಶೀಲನಾ ಸಮಿತಿ ನೋಡಬೇಕು ಎಂದು ಕಟ್ಟುಪಾಡು ಹಾಕಿತು. ಈಗ ಕಿವಿಗೊಡುವ ಕಷ್ಟವೇ ಬೇಕಿಲ್ಲ. ಯಾರು ಯಾರಿಗೆ ಎಷ್ಟು ಹೊತ್ತಿಗೆ ಕರೆ ಮಾಡಿದರು ಎಂಬ ದಾಖಲೆಯನ್ನು ಟೆಲಿಕಾಂ ಕಂಪನಿಗಳು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕು ಎಂಬುದು ಪರವಾನಗಿಯ ನಿಯಮ. ಮಾತು ಬೇಡ, ಈ ದಾಖಲೆಯೇ ಮನುಷ್ಯನ ಜಾತಕ ಹೇಳುತ್ತದೆ.

ಈ ದೇಶದ ಖಾಸಗಿತನದ ಹಕ್ಕಿಗೆ ಒಬ್ಬ ಕನ್ನಡಿಗರ ಹೆಸರಿದೆ ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹಾಗೆ ಸ್ವಲ್ಪ ಕಾಲ ತೆಲುಗು ನೆಲದಲ್ಲೂ ದುಡಿದವರು. ಹೈದರಾಬಾದಿನ ಆಂಧ್ರಪ್ರದೇಶ ಆಡಳಿತ ನ್ಯಾಯಮಂಡಳಿಯಲ್ಲಿದ್ದರು. 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಮರುವರ್ಷದ ಇನ್ನೊಂದು ತೀರ್ಪಿನಲ್ಲಿ ಆಧಾರ್ ಉಳಿಯಿತು, ಆದರೆ ಬ್ಯಾಂಕ್ ಖಾತೆಗೂ ಸಿಮ್ಮಿಗೂ ಅದು ಕಡ್ಡಾಯವಲ್ಲ ಎಂದಾಯಿತು. 2024ರ ಅಕ್ಟೋಬರ್‌ನಲ್ಲಿ, 98ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆ ತೀರ್ಪಿನ ನಂತರ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತಪ್ಪಿತಸ್ಥ ಕಂಪನಿಗಳಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕುತ್ತದೆ. ಅದೇ ಕಾಯ್ದೆಯ 17ನೇ ಕಲಂ ಮಾತ್ರ ತನಗೆ ಬೇಕಾದ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಡುತ್ತದೆ. ಊರಿಗೆಲ್ಲ ಬೇಲಿ ಹಾಕಿದ ಗೌಡರು ತಮ್ಮ ದನಕ್ಕೆ ಮಾತ್ರ ಗೇಟು ಇಟ್ಟುಕೊಂಡ ಹಾಗಾಯಿತು.

ವಲಸಿಗರ ಪಾಡು

ಊರಲ್ಲೇ ಇರುವವರಿಗಿಂತ ನಮ್ಮಂಥವರಿಗೆ ಇದು ಹೆಚ್ಚು ತಟ್ಟುತ್ತದೆ. ಆಧಾರ್ ವಿಳಾಸ ದಾವಣಗೆರೆಯದ್ದು, ಬಾಡಿಗೆ ಕರಾರು ಗಾಜುವಾಕದ್ದು. ಮನೆ ಮಾಲೀಕರಿಗೊಂದು, ಗ್ಯಾಸ್ ಏಜೆನ್ಸಿಗೊಂದು, ಮಕ್ಕಳ ಶಾಲೆಗೊಂದು, ಕಾರ್ಖಾನೆಯ ಗೇಟ್ ಪಾಸಿಗೊಂದು ಎಂದು ಎಲ್ಲರಿಗೂ ಆಧಾರ್ ಪ್ರತಿ ಹಂಚುತ್ತೇವೆ. ಅದನ್ನು ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಯವನ ವಾಟ್ಸಾಪಿಗೆ ಕಳಿಸುತ್ತೇವೆ. ಅಲ್ಲಿಂದ ಅದನ್ನು ಅಳಿಸಿದರೋ ಇಲ್ಲವೋ ನಾವು ಕೇಳುವುದಿಲ್ಲ.

ವಾಟ್ಸಾಪ್ ಎಂದಾಗ ಇನ್ನೊಂದು ಮಾತು. 2025ರ ಜನವರಿ 30ರಂದು ಆಂಧ್ರ ಸರ್ಕಾರ 'ಮನ ಮಿತ್ರ' ಶುರುಮಾಡಿ, 161 ಸೇವೆಗಳನ್ನು ವಾಟ್ಸಾಪಿನಲ್ಲೇ ಕೊಡತೊಡಗಿತು. ಕಚೇರಿಗೆ ಅಲೆಯುವುದು ತಪ್ಪಿತು, ಒಳ್ಳೆಯದೇ. ಆದರೆ ವಾಟ್ಸಾಪಿನ ಗೂಢಲಿಪಿ ಕಾಪಾಡುವುದು ದಾರಿಯನ್ನು ಮಾತ್ರ. ತಲುಪಿದ ಮೇಲೆ ಆ ತುದಿಯಲ್ಲಿ ಯಾರು ಓದುತ್ತಾರೆ, ಎಷ್ಟು ದಿನ ಇಡುತ್ತಾರೆ ಎಂಬುದು ಆ ತುದಿಯವರ ಕೈಯಲ್ಲಿದೆ. ಇತ್ತ ವಿಶಾಖಪಟ್ಟಣಕ್ಕೆ 5 ವರ್ಷದಲ್ಲಿ 15 ಶತಕೋಟಿ ಡಾಲರ್ ಹೂಡಿ ಎಐ ಕೇಂದ್ರ ಕಟ್ಟುವುದಾಗಿ ಗೂಗಲ್ 2025ರ ಅಕ್ಟೋಬರ್‌ನಲ್ಲಿ ಘೋಷಿಸಿದೆ. ಉಕ್ಕಿನ ಊರು ಮಾಹಿತಿಯ ಊರೂ ಆಗುತ್ತಿದೆ. ಕೆಲಸ ಬರಲಿ. ಜೊತೆಗೆ ಮಾಹಿತಿಯ ಬಗ್ಗೆ ಎಚ್ಚರವೂ ಬರಲಿ.

ಹಾಗಾದರೆ ಫೋನ್ ಎಸೆದು ಕಾಡಿಗೆ ಹೋಗಬೇಕೆ? ಬೇಡ. ಕೈಯಲ್ಲಾಗುವ ಕೆಲಸಗಳಿವೆ. ಆಧಾರ್ ವೆಬ್‌ಸೈಟಿನಿಂದ 'ಮಾಸ್ಕ್ಡ್ ಆಧಾರ್' ಇಳಿಸಿಕೊಳ್ಳಿ; ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. 2022ರ ಮೇ ತಿಂಗಳಲ್ಲಿ ಪ್ರಾಧಿಕಾರದ ಬೆಂಗಳೂರು ಕಚೇರಿ ಇದನ್ನೇ ಬಳಸಿ, ಸಿಕ್ಕಸಿಕ್ಕವರಿಗೆ ಪ್ರತಿ ಕೊಡಬೇಡಿ ಎಂದು ಪ್ರಕಟಣೆ ಕೊಟ್ಟಿತ್ತು. ತಪ್ಪು ಅರ್ಥ ಬರುತ್ತದೆ ಎಂದು ಎರಡೇ ದಿನದಲ್ಲಿ ಅದನ್ನು ಹಿಂದಕ್ಕೆ ಪಡೆಯಲಾಯಿತು. ಪ್ರಕಟಣೆ ಹೋಯಿತು, ಸಲಹೆ ಚೆನ್ನಾಗಿಯೇ ಇದೆ. ಬೆರಳಚ್ಚನ್ನು ಅದೇ ವೆಬ್‌ಸೈಟಿನಲ್ಲಿ ಲಾಕ್ ಮಾಡಿಡಿ, ಬೇಕಾದಾಗ ತೆರೆಯಿರಿ. ಊರಲ್ಲಿರುವ ಅಪ್ಪ ಅಮ್ಮನ ಬೆರಳಚ್ಚನ್ನೂ ಮಾಡಿಕೊಡಿ, ಆದರೆ ರೇಷನ್ ಅಂಗಡಿಗೆ ಹೋಗುವ ಮುಂಚೆ ತೆರೆಯಬೇಕೆಂದು ಹೇಳಿಕೊಡಿ. ಟಾರ್ಚ್ ಆ್ಯಪು ಕಾಂಟ್ಯಾಕ್ಟ್ ಕೇಳಿದರೆ ಬೇಡವೆನ್ನಿ. ಮಾಲ್‌ನಲ್ಲಿ ಬಿಲ್ ಹಾಕುವಾಗ ಫೋನ್ ನಂಬರ್ ಕೊಡಲೇಬೇಕೆಂದಿಲ್ಲ.

ಇವೆಲ್ಲಕ್ಕಿಂತ ದೊಡ್ಡದು ಪ್ರಶ್ನೆ ಕೇಳುವ ಅಭ್ಯಾಸ. ಇದು ಯಾವ ಕೆಲಸಕ್ಕೆ? ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಕೊಡದಿದ್ದರೆ ಏನಾಗುತ್ತದೆ? ಸಂಚಾರ್ ಸಾಥಿ ಕಡ್ಡಾಯವಾಗದೆ ಉಳಿದದ್ದು ಜನ ಈ ಪ್ರಶ್ನೆಗಳನ್ನು ಜೋರಾಗಿ ಕೇಳಿದ್ದರಿಂದ. ಒಂದೇ ವಾರದಲ್ಲಿ ಸರ್ಕಾರ ಹಿಂದೆ ಸರಿಯಿತು. ಅಷ್ಟು ದೊಡ್ಡ ಗಂಟಲು ನಮಗೆ ಬೇಕಿಲ್ಲ. ಮುಂದಿನ ಸಲ ಯಾರಾದರೂ ಕೌಂಟರಿನ ಆಚೆಯಿಂದ ಆಧಾರ್ ಕೇಳಿದಾಗ, ಇಲ್ಲಿಗೆ ಬಂದ ಮೊದಲ ವಾರವೇ ನಾವೆಲ್ಲ ಕಲಿತ ಆ ಒಂದು ತೆಲುಗು ಪದ ಸಾಕು: "ಎಂದುಕಂಡಿ?"