ವಿವಾಹ ಮತ್ತು ಪೌರತ್ವ: ಭಾರತೀಯ ಶಾಸನದಲ್ಲಿ ವಿದೇಶೀಯ ಸಂಗಾತಿಯ ಸ್ಥಾನ

ಮದುವೆಯಾಗಿ ಬಂದ ಸೊಸೆಯು ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದ ಸರಿಸಿ ಒಳಗೆ ಅಡಿಯಿಟ್ಟಳೆಂದರೆ ಆಕೆ ಆ ಮನೆಯವಳಾದಳೆಂಬುದು ಲೋಕರೂಢಿ. ಗೋತ್ರವೂ ಅಡ್ಡಹೆಸರೂ ಅಂದಿನಿಂದಲೇ ಬದಲಾಗುತ್ತವೆ. ರಾಷ್ಟ್ರದ ಹೊಸ್ತಿಲಿನ ನಿಯಮವಾದರೋ ಬೇರೆ. ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಹೊರದೇಶಕ್ಕೆ ಹೋದ ಮಕ್ಕಳು ಅಲ್ಲಿಯೇ ಸಂಗಾತಿಯನ್ನು ವರಿಸಿ ಮರಳುವುದು ಈಗ ನಾಗಪುರದ ಕನ್ನಡ ಕುಟುಂಬಗಳಿಗೂ ಅಪರಿಚಿತವಲ್ಲ. ಹಾಗೆ ಬಂದ ಸೊಸೆಯೋ ಅಳಿಯನೋ ವಿವಾಹಮಾತ್ರದಿಂದ ಭಾರತದ ಪೌರರಾಗುವರೆಂಬ ಭಾವನೆ ಸುಶಿಕ್ಷಿತರಲ್ಲಿಯೂ ಉಂಟು. ಈ ಭಾವನೆ ತಪ್ಪು. ವಿವಾಹದಿಂದ ದೊರೆಯುವುದು ಪೌರತ್ವವಲ್ಲ, ಪೌರತ್ವವನ್ನು ಬೇಡುವ ಅರ್ಹತೆ ಮಾತ್ರ. ಆ ಅರ್ಹತೆಯ ಸ್ವರೂಪವೇನು, ಅದಕ್ಕಿರುವ ಕಟ್ಟುಪಾಡುಗಳೇನು, ಅವುಗಳನ್ನು ಅಲಕ್ಷಿಸಿದರೆ ಒದಗುವ ತೊಡಕುಗಳೇನು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

1

ಪತಿಯ ರಾಷ್ಟ್ರವೇ ಪತ್ನಿಯ ರಾಷ್ಟ್ರವೆಂಬ ತತ್ತ್ವ ಒಂದು ಕಾಲದಲ್ಲಿ ಪಾಶ್ಚಾತ್ಯ ಶಾಸನಗಳಲ್ಲಿಯೇ ದೃಢವಾಗಿ ನೆಲೆಗೊಂಡಿತ್ತು. ಇಂಗ್ಲೆಂಡಿನ 1844ರ ಕಾಯಿದೆಯ ಪ್ರಕಾರ ಆಂಗ್ಲ ಪ್ರಜೆಯನ್ನು ವರಿಸಿದ ವಿದೇಶೀಯ ಸ್ತ್ರೀ ತಾನಾಗಿಯೇ ಆಂಗ್ಲ ಪ್ರಜೆಯಾಗುತ್ತಿದ್ದಳು. 1870ರ ಕಾಯಿದೆಯ ಪ್ರಕಾರ ವಿದೇಶೀಯನನ್ನು ವರಿಸಿದ ಆಂಗ್ಲ ಸ್ತ್ರೀ ತನ್ನ ಹುಟ್ಟು ರಾಷ್ಟ್ರೀಯತೆಯನ್ನೇ ಕಳೆದುಕೊಳ್ಳುತ್ತಿದ್ದಳು. ಅಮೆರಿಕೆಯಲ್ಲಿಯೂ 1907ರ ಶಾಸನ ಇದೇ ಕಟ್ಟಳೆಯನ್ನು ವಿಧಿಸಿತ್ತು. ಸ್ತ್ರೀಯರ ಮತದಾನದ ಹಕ್ಕಿನ ಚಳುವಳಿ ಫಲಿಸಿದ ಬಳಿಕ, 1922ರಲ್ಲಿ, ಅಲ್ಲಿ ಈ ಕಟ್ಟಳೆ ಬಹುಮಟ್ಟಿಗೆ ಸಡಿಲವಾಯಿತು. ಬ್ರಿಟನ್ನಿನಲ್ಲಿ 1948ರ ರಾಷ್ಟ್ರೀಯತಾ ಕಾಯಿದೆ ವಿವಾಹಮಾತ್ರದಿಂದ ರಾಷ್ಟ್ರೀಯತೆ ಬರುವ ಅಥವಾ ಹೋಗುವ ಪದ್ಧತಿಯನ್ನು ಕೈಬಿಟ್ಟಿತು. 1957ರಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆ ಅಂಗೀಕರಿಸಿದ ವಿವಾಹಿತ ಸ್ತ್ರೀಯರ ರಾಷ್ಟ್ರೀಯತೆಯ ಒಪ್ಪಂದದ ಸಾರವೂ ಇದೇ: ವಿವಾಹದಿಂದ ಸ್ತ್ರೀಯ ರಾಷ್ಟ್ರೀಯತೆ ತಾನಾಗಿ ಬದಲಾಗಕೂಡದು, ಆಕೆ ಇಚ್ಛಿಸಿ ಕೇಳಿದರೆ ಪತಿಯ ರಾಷ್ಟ್ರೀಯತೆಯನ್ನು ಪಡೆಯಲು ವಿಶೇಷ ಸೌಲಭ್ಯವಿರಬೇಕು.

ಸ್ವತಂತ್ರ ಭಾರತದ ಶಾಸನ ಮೊದಲಿನಿಂದಲೂ ಈ ಎರಡನೆಯ ಮಾರ್ಗವನ್ನೇ ಹಿಡಿಯಿತು. ರಾಜ್ಯಾಂಗದ 5ರಿಂದ 11ರವರೆಗಿನ ಅನುಚ್ಛೇದಗಳು ಗಣರಾಜ್ಯ ಆರಂಭವಾದಾಗ ಯಾರು ಪೌರರೆಂಬುದನ್ನು ಮುಖ್ಯವಾಗಿ ನಿರ್ಧರಿಸಿ, ಮುಂದಿನ ವ್ಯವಸ್ಥೆಯನ್ನು ಸಂಸತ್ತಿಗೆ ಬಿಟ್ಟುವು. ಅದರಂತೆ ಬಂದುದು 1955ರ ಪೌರತ್ವ ಕಾಯಿದೆ. ಜನನ, ವಂಶ, ನೋಂದಣಿ, ದೇಶೀಕರಣ, ಪ್ರದೇಶ ಸೇರ್ಪಡೆ ಎಂಬ ಐದು ದಾರಿಗಳನ್ನು ಅದು ತೆರೆಯಿತು. ಇವುಗಳಲ್ಲಿ ಸಂಗಾತಿಗೆ ಮೀಸಲಾದುದು ನೋಂದಣಿಯ ದಾರಿ. 5ನೆಯ ಕಲಮಿನ ಮೊದಲನೆಯ ಉಪಕಲಮಿನ (ಸಿ) ಖಂಡ. ಲೋಕರೂಢಿಯಲ್ಲಿ ಇದನ್ನೂ ದೇಶೀಕರಣವೆಂದೇ ಕರೆಯುವುದುಂಟು; ಶಾಸನದ ದೃಷ್ಟಿಯಲ್ಲಿ ಇವೆರಡೂ ಬೇರೆ ಬೇರೆ.

2

ಆ ಒಂದು ಖಂಡದ ಪಾಠಾಂತರಗಳನ್ನು ಹೋಲಿಸಿ ನೋಡಿದರೆ ಶಾಸನಕಾರರ ಮನಸ್ಸು ಬದಲಾದ ಬಗೆ ತಿಳಿದುಬರುತ್ತದೆ. 1955ರ ಮೂಲಪಾಠದಲ್ಲಿದ್ದುದು “ಭಾರತೀಯ ಪೌರರನ್ನು ವಿವಾಹವಾಗಿರುವ ಅಥವಾ ವಿವಾಹವಾಗಿದ್ದ ಸ್ತ್ರೀಯರು” ಎಂಬ ಅರ್ಥದ ಮಾತು. ಇಲ್ಲಿ ಸವಲತ್ತು ಸ್ತ್ರೀಯರಿಗೆ ಮಾತ್ರ. ವಾಸದ ಅವಧಿಯ ಕಟ್ಟಳೆಯೂ ಇಲ್ಲ. ಭಾರತೀಯ ಸ್ತ್ರೀಯನ್ನು ವರಿಸಿದ ವಿದೇಶೀಯ ಪುರುಷನಿಗೆ ಈ ಬಾಗಿಲು ಮುಚ್ಚಿತ್ತು. 1986ರಲ್ಲಿ ಅಂಗೀಕೃತವಾಗಿ 1987ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿ “ಸ್ತ್ರೀಯರು” ಎಂಬುದನ್ನು “ವ್ಯಕ್ತಿಗಳು” ಎಂದು ಬದಲಿಸಿ ಪುರುಷನಿಗೂ ಬಾಗಿಲು ತೆರೆಯಿತು. ಜೊತೆಗೆ ಐದು ವರ್ಷಗಳ ವಾಸವನ್ನು ವಿಧಿಸಿತು. 2003ರ ಕಾಯಿದೆಯ ಮೂಲಕ ಬಂದು 2004ರ ಡಿಸೆಂಬರ್ 3ರಿಂದ ಜಾರಿಯಲ್ಲಿರುವ ಪಾಠದಲ್ಲಿ ವಾಸದ ಅವಧಿ ಏಳು ವರ್ಷವಾಯಿತು. ಅಷ್ಟೇ ಅಲ್ಲದೆ “ವಿವಾಹವಾಗಿದ್ದ” ಎಂಬ ಭೂತಕಾಲದ ಮಾತು ಬಿಟ್ಟುಹೋಯಿತು. ಉಳಿದುದು ವರ್ತಮಾನವೊಂದೇ.

ಕ್ರಿಯಾಪದದ ಈ ಕಾಲಭೇದ ವೈಯಾಕರಣರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಹಳೆಯ ಪಾಠದ ಮೇರೆಗೆ ವಿಧವೆಯೂ ವಿಚ್ಛೇದಿತೆಯೂ ಅರ್ಜಿ ಸಲ್ಲಿಸಬಹುದಾಗಿತ್ತು. ಇಂದಿನ ಪಾಠ ಆ ಆಸರೆಯನ್ನು ಕೊಡುವುದಿಲ್ಲ. ಆರು ವರ್ಷ ಇಲ್ಲಿ ಬಾಳಿ, ಏಳನೆಯ ವರ್ಷದಲ್ಲಿ ಪತಿಯನ್ನು ಕಳೆದುಕೊಂಡ ವಿದೇಶೀಯ ಸ್ತ್ರೀ ಅತ್ತೆಯ ಮನೆಯಲ್ಲಿ ಸೊಸೆಯಾಗಿಯೇ ಉಳಿಯಬಹುದು. ಆದರೆ ಸಂಗಾತಿಗಳಿಗೆಂದು ಇರುವ ಈ ಖಂಡದ ಅಡಿಯಲ್ಲಿ ಅರ್ಜಿದಾರಳಾಗಲಾರಳು.

ಹಳೆಯ ಪಾಠದ ಕಾಲದಲ್ಲಿ ನೋಂದಣಿಯಾದವರಲ್ಲಿ ಕನ್ನಡ ನಾಡಿಗೆ ಪರಿಚಿತವಾದ ಹೆಸರೊಂದುಂಟು. ಇಟಲಿಯಲ್ಲಿ ಜನಿಸಿ 1968ರಲ್ಲಿ ವಿವಾಹವಾಗಿ ಬಂದ ಸೋನಿಯಾ ಗಾಂಧಿಯವರು 1983ರಲ್ಲಿ ಭಾರತದ ಪೌರರಾಗಿ ನೋಂದಾಯಿತರಾದರು. 1999ರ ಲೋಕಸಭಾ ಚುನಾವಣೆಯಲ್ಲಿ ಬಳ್ಳಾರಿ ಕ್ಷೇತ್ರದಿಂದ ಆರಿಸಿಬಂದು, ಅಮೇಥಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು. ಆ ಕಾಲದ ರಾಜಕೀಯ ವಾದವಿವಾದಗಳೇನೇ ಇರಲಿ, ನೋಂದಾಯಿತ ಪೌರರಿಗೆ ಭಾರತದಲ್ಲಿ ಚುನಾವಣೆಗೆ ನಿಲ್ಲುವ ಹಕ್ಕು ಪೂರ್ಣವಾಗಿದೆಯೆಂಬುದಕ್ಕೆ ಇದು ನಿದರ್ಶನ. ಅಮೆರಿಕೆಯಲ್ಲಿ ಅಧ್ಯಕ್ಷ ಪದವಿ ಜನ್ಮತಃ ಪೌರನಾದವನಿಗೆ ಮೀಸಲು. ಭಾರತದ ರಾಜ್ಯಾಂಗದ 58ನೆಯ ಅನುಚ್ಛೇದ ರಾಷ್ಟ್ರಪತಿ ಪದವಿಗೂ ಜನ್ಮಪೌರತ್ವವನ್ನು ಕೇಳುವುದಿಲ್ಲ.

3

ಏಳು ವರ್ಷಗಳ ವಾಸವೆಂದರೇನು? ಕಾಯಿದೆಯ ವಿವರಣೆ ಇದನ್ನು ಎರಡು ಭಾಗ ಮಾಡಿದೆ. ಅರ್ಜಿಯ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳು ಎಡೆಬಿಡದೆ ಭಾರತದಲ್ಲಿರಬೇಕು. ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಒಟ್ಟು ಆರು ವರ್ಷಕ್ಕೆ ಕಡಿಮೆಯಿಲ್ಲದಂತೆ ಇದ್ದಿರಬೇಕು. ಎಣಿಕೆಯಾಗುವುದು ವಾಸದ ವರ್ಷಗಳೇ ಹೊರತು ದಾಂಪತ್ಯದ ವರ್ಷಗಳಲ್ಲ.

ಒಂದು ಕಲ್ಪಿತ ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಹುಬ್ಬಳ್ಳಿ ಮೂಲದ ನಾಗಪುರ ನಿವಾಸಿಯೊಬ್ಬನನ್ನು ವರಿಸಿದ ಜಪಾನೀ ಮಹಿಳೆ 2018ರ ಜೂನ್ 1ರಂದು ಧರಮಪೇಠದ ಮನೆಗೆ ಬಂದಳೆಂದು ಭಾವಿಸಬಹುದು. ಒಂದು ದಿನವೂ ಹೊರದೇಶಕ್ಕೆ ಹೋಗದಿದ್ದರೆ ಆಕೆ 2025ರ ಜೂನ್ 1ರಂದು ಅರ್ಜಿಗೆ ಅರ್ಹಳು. 2021ರಲ್ಲಿ ಎರಡು ತಿಂಗಳು ತವರಿನಲ್ಲಿದ್ದರೆ ಆ ದಿನ ಎರಡು ತಿಂಗಳು ಮುಂದಕ್ಕೆ ಹೋಗುವುದು; ಅಷ್ಟರಿಂದ ಬೇರೆ ಹಾನಿಯಿಲ್ಲ. ಆದರೆ 2025ರ ಮಾರ್ಚಿಯಲ್ಲಿ ತಾಯಿಯ ಕಾಯಿಲೆಗಾಗಿ ನಲವತ್ತು ದಿನ ಹೋಗಿದ್ದರೆ ಕೊನೆಯ ಹನ್ನೆರಡು ತಿಂಗಳ ಸರಪಳಿಯೇ ಕಡಿದು, ಮರಳಿದ ದಿನದಿಂದ ಹೊಸದಾಗಿ ಒಂದು ವರ್ಷ ಎಣಿಸಬೇಕಾಗುವುದು. ಇಂಥ ಕಾಠಿಣ್ಯವನ್ನು ಮನಗಂಡು 2015ರ ತಿದ್ದುಪಡಿ, ವಿಶೇಷ ಸಂದರ್ಭಗಳಲ್ಲಿ ಕೇಂದ್ರ ಸರ್ಕಾರ ಒಟ್ಟು ಮೂವತ್ತು ದಿನಗಳವರೆಗಿನ ವಿರಾಮವನ್ನು ಮನ್ನಿಸಬಹುದೆಂದು ಹೇಳಿದೆ. ಮನ್ನಣೆ ಸರ್ಕಾರದ ವಿವೇಚನೆಗೆ ಸೇರಿದ್ದು, ಅರ್ಜಿದಾರರ ಹಕ್ಕಲ್ಲ.

ಇಲ್ಲಿ ಇನ್ನೊಂದು ಭ್ರಮೆಯನ್ನೂ ನಿವಾರಿಸುವುದು ಅವಶ್ಯ. “ಸಾಗರೋತ್ತರ ಭಾರತೀಯ ಪೌರ” ಎಂಬ ಗುರುತುಚೀಟಿ ಹೆಸರಿನಲ್ಲಿ ಪೌರ ಶಬ್ದವಿದ್ದರೂ ಪೌರತ್ವವಲ್ಲ. ವಿವಾಹ ನೋಂದಾಯಿತವಾಗಿ ಸತತ ಎರಡು ವರ್ಷ ಕಳೆದ ಮೇಲೆ, ಭದ್ರತಾ ಪರಿಶೀಲನೆಯ ಬಳಿಕ, ವಿದೇಶೀಯ ಸಂಗಾತಿಗೆ ಅದು ದೊರೆಯಬಹುದು. ಪಾಕಿಸ್ತಾನ ಮತ್ತು ಬಾಂಗ್ಲಾದೇಶಗಳ ಮೂಲದವರಿಗೆ ಮಾತ್ರ ಅದು ದೊರೆಯದು. ಬಂದುಹೋಗುವುದಕ್ಕೂ ನೆಲಸುವುದಕ್ಕೂ ಅದು ಅನುಕೂಲ. ಮತದಾನದ ಹಕ್ಕನ್ನಾಗಲಿ ಶಾಸನಸಭೆಯ ಸದಸ್ಯತ್ವವನ್ನಾಗಲಿ ಅದು ಕೊಡುವುದಿಲ್ಲ. ವಿವಾಹ ವಿಚ್ಛೇದನವಾದರೆ ಸಂಗಾತಿಯೆಂದು ಪಡೆದ ಚೀಟಿಯನ್ನು ರದ್ದುಪಡಿಸಲು ಕಾಯಿದೆಯಲ್ಲಿ ಅವಕಾಶವುಂಟು. ಆದರೂ ಅದನ್ನು ಐದು ವರ್ಷ ಹೊಂದಿದ್ದು, ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಭಾರತದಲ್ಲಿ ವಾಸಿಸಿದವರಿಗೆ 5ನೆಯ ಕಲಮಿನಲ್ಲಿಯೇ ನೋಂದಣಿಯ ಬೇರೊಂದು ಖಂಡವಿದೆಯೆಂಬುದು ಗಮನಾರ್ಹ.

4

ನಾಗಪುರದ ಅರ್ಜಿದಾರರು 2009ರ ನಿಯಮಾವಳಿಯ 3ನೆಯ ನಮೂನೆಯನ್ನು ತುಂಬಬೇಕು. ವಿದೇಶೀಯ ರಹದಾರಿ, ವಾಸದ ಪರವಾನಗಿ, ವಿವಾಹದ ಪ್ರಮಾಣಪತ್ರ, ಸಂಗಾತಿಯ ಭಾರತೀಯ ಪೌರತ್ವದ ದಾಖಲೆ ಇವು ಜೊತೆಗಿರಬೇಕು. ಕಾಗದಗಳು ಸಿವಿಲ್ ಲೈನ್ಸಿನ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಪರಿಶೀಲಿತವಾಗಿ, ವರದಿಯೊಡನೆ ಮುಂಬಯಿಯ ರಾಜ್ಯ ಸರ್ಕಾರಕ್ಕೂ ಅಲ್ಲಿಂದ ದಿಲ್ಲಿಯ ಗೃಹ ಮಂತ್ರಾಲಯಕ್ಕೂ ಸಾಗುತ್ತವೆ. ಒಪ್ಪಿಗೆಯ ಹಂತದಲ್ಲಿ ಹಳೆಯ ಪೌರತ್ವವನ್ನು ತ್ಯಜಿಸಿದ ಪುರಾವೆಯನ್ನು ಒದಗಿಸಬೇಕು. ಏಕೆಂದರೆ ಭಾರತದ ಶಾಸನ ದ್ವಿಪೌರತ್ವವನ್ನು ಒಪ್ಪುವುದಿಲ್ಲ. ಹಳೆಯದನ್ನು ಬಿಟ್ಟು ಹೊಸದು ಕೈಸೇರುವವರೆಗಿನ ಕಾಲದಲ್ಲಿ ಅರ್ಜಿದಾರರು ಯಾವ ದೇಶಕ್ಕೂ ಸೇರದವರಾಗುವ ಸಂಭವವಿರುವುದರಿಂದ, ತ್ಯಾಗದ ಕಾಗದವನ್ನು ಕಾಲಕ್ಕೆ ಮೊದಲೇ ಬರೆದುಕೊಡುವುದು ಅವಿವೇಕ. ಕೊನೆಗೆ ನಿಷ್ಠಾಪ್ರತಿಜ್ಞೆ, ನೋಂದಣಿಯಾದ ದಿನದಿಂದ ಪೌರತ್ವ.

ನಾಗಪುರಕ್ಕೆ ಈ ವಿಷಯದಲ್ಲಿ ಒಂದು ವಿಶೇಷವೂ ಇದೆ. ದೇಶವಿಭಜನೆಯ ಬಳಿಕ ಜರೀಪಟ್ಕಾ ಭಾಗದಲ್ಲಿ ನೆಲಸಿದ ಸಿಂಧೀ ಸಮಾಜದ ಬಂಧುಗಳು ಅನಂತರವೂ ಪಾಕಿಸ್ತಾನದಿಂದ ಬರುತ್ತಲೇ ಇದ್ದರು. 2016ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಏಳು ರಾಜ್ಯಗಳ ಕೆಲವು ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ, ಪಾಕಿಸ್ತಾನ, ಬಾಂಗ್ಲಾದೇಶ, ಅಫಘಾನಿಸ್ತಾನಗಳಿಂದ ಬಂದ ಹಿಂದೂ, ಸಿಖ್ಖ, ಬೌದ್ಧ, ಜೈನ, ಪಾರಸೀ, ಕ್ರೈಸ್ತರನ್ನು ತಾವೇ ನೋಂದಾಯಿಸುವ ಅಧಿಕಾರವನ್ನು ಕೊಟ್ಟಾಗ ಅವುಗಳಲ್ಲಿ ನಾಗಪುರವೂ ಒಂದಾಗಿತ್ತು. ಉಳಿದ ದೇಶಗಳವರಿಗೆ ದಿಲ್ಲಿಯ ದಾರಿಯೇ ದಾರಿ.

5

ಪರವಾನಗಿಯ ಕಾಗದಗಳು ಕ್ರಮವಾಗಿರಬೇಕೆಂಬುದು ಸಂಗಾತಿಯೊಬ್ಬರ ಹಿತಕ್ಕೆ ಮಾತ್ರ ಸಂಬಂಧಿಸಿದುದಲ್ಲ. 2004ರ ಡಿಸೆಂಬರ್ 3ರಿಂದ ಈಚೆಗೆ ಭಾರತದಲ್ಲಿ ಹುಟ್ಟಿದ ಶಿಶು ಜನ್ಮತಃ ಪೌರನಾಗಬೇಕಾದರೆ ತಂದೆತಾಯಿಗಳಿಬ್ಬರೂ ಪೌರರಾಗಿರಬೇಕು. ಇಲ್ಲವೆ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸೆಗಾರರಾಗಿರಬಾರದು. ರಹದಾರಿಯ ಅವಧಿ ಮೀರಿ ಉಳಿದವರೂ ಶಾಸನದ ಅರ್ಥದಲ್ಲಿ ಅಕ್ರಮ ವಲಸೆಗಾರರೇ. ತಾಯಿಯ ಪರವಾನಗಿಯನ್ನು ನವೀಕರಿಸಲು ಮರೆತ ಮನೆಯ ಅಲಕ್ಷ್ಯ ಹೀಗೆ ತೊಟ್ಟಿಲ ಕೂಸಿಗೂ ತಟ್ಟಬಹುದು. ಅಕ್ರಮ ವಲಸೆಗಾರರಿಗೆ ನೋಂದಣಿಯ ಬಾಗಿಲೂ ಸಾಮಾನ್ಯವಾಗಿ ಮುಚ್ಚಿದೆ.

ಕಾಗದದ ಬೆಲೆಯೇನೆಂಬುದು ಕನ್ನಡ ಕರಾವಳಿಯ ಭಟ್ಕಳದಲ್ಲಿ ಕಂಡುಬಂದಿದೆ. ಅಲ್ಲಿನ ನವಾಯತ ಮನೆತನಗಳಿಗೆ ಕರಾಚಿಯೊಡನೆ ಬಂಧುತ್ವವಿರುವುದರಿಂದ ಪಾಕಿಸ್ತಾನದಿಂದ ಸೊಸೆಯರಾಗಿ ಬಂದವರು ಕೆಲವರಿದ್ದಾರೆ. 2025ರ ಏಪ್ರಿಲ್ 22ರ ಪಹಲ್‌ಗಾಮ್ ಹತ್ಯೆಗಳ ತರುವಾಯ ಸರ್ಕಾರ ಪಾಕಿಸ್ತಾನೀಯರ ಪ್ರವೇಶ ಪರವಾನಗಿಗಳನ್ನು ರದ್ದುಪಡಿಸಿ ಕೆಲವೇ ದಿನಗಳಲ್ಲಿ ದೇಶ ಬಿಡಲು ಆಜ್ಞಾಪಿಸಿತು. ದೀರ್ಘಾವಧಿ ಪರವಾನಗಿಯುಳ್ಳವರಿಗೆ ವಿನಾಯಿತಿಯಿತ್ತು. ಭಾರತೀಯರನ್ನು ವರಿಸಿ ಇಲ್ಲಿಯೇ ನೆಲಸಿದ ಸ್ತ್ರೀಯರು ಆ ಪರವಾನಗಿಗೆ ಅರ್ಹರು. ಒಂದೇ ಊರಿನಲ್ಲಿ, ಒಂದೇ ಬಗೆಯ ಸಂಸಾರ ನಡೆಸುವವರಲ್ಲಿ, ಯಾರು ಉಳಿಯಬೇಕು ಯಾರು ಹೋಗಬೇಕೆಂಬುದು ಪರವಾನಗಿಯ ಬಗೆಯನ್ನು ಅವಲಂಬಿಸಿತ್ತು.

ದೀರ್ಘಕಾಲದ ವಾಸವೊಂದೇ ಸಾಲದೆಂಬುದನ್ನು ಸರ್ವೋಚ್ಚ ನ್ಯಾಯಾಲಯವೂ ಹೇಳಿದೆ. 1937ರಲ್ಲಿ ಭಾರತಕ್ಕೆ ಬಂದ ಲೂಯಿ ದ ರೇಟ್ ಎಂಬ ಬೆಲ್ಜಿಯನ್ ಧರ್ಮಪ್ರಚಾರಕರು, ರಾಜ್ಯಾಂಗದ 5ನೆಯ ಅನುಚ್ಛೇದದ ಮೇರೆಗೆ ತಾವು ಪೌರರೆಂದು ವಾದಿಸಿದಾಗ, ಇಲ್ಲಿಯೇ ಶಾಶ್ವತವಾಗಿ ನೆಲಸುವ ಸಂಕಲ್ಪ ಆ ಕಾಲದಲ್ಲಿತ್ತೆಂಬುದು ಸಿದ್ಧವಾಗಿಲ್ಲವೆಂದು 1991ರಲ್ಲಿ ಅವರ ಅರ್ಜಿ ವಜಾ ಆಯಿತು.

6

ವಿವಾಹಸಂಬಂಧವಾಗಲಿ ಭಾರತೀಯ ಮೂಲವಾಗಲಿ ಇಲ್ಲದವರಿಗೆ ಉಳಿಯುವುದು 6ನೆಯ ಕಲಮಿನ ದೇಶೀಕರಣದ ದಾರಿ. ಜಪಾನಿನಲ್ಲಿ ಹುಟ್ಟಿ 1960ರ ದಶಕದಲ್ಲಿ ನಾಗಪುರಕ್ಕೆ ಬಂದು ದೀಕ್ಷಾಭೂಮಿಯ ಬೌದ್ಧ ಸಮುದಾಯದಲ್ಲಿ ಒಂದಾದ ಭದಂತ ಸುರೈ ಸಸಾಯಿಯವರು 1980ರ ದಶಕದ ಕೊನೆಯಲ್ಲಿ ಭಾರತದ ಪೌರರಾದುದು ಈ ನಗರ ಬಲ್ಲ ಸಂಗತಿ. ದೇಶೀಕರಣಕ್ಕೆ ಈಗ ಬೇಕಾದ ವಾಸ ಸಾಮಾನ್ಯವಾಗಿ ಹನ್ನೆರಡು ವರ್ಷ: ಕೊನೆಯ ಹನ್ನೆರಡು ತಿಂಗಳು, ಅದಕ್ಕೆ ಹಿಂದಿನ ಹದಿನಾಲ್ಕು ವರ್ಷಗಳಲ್ಲಿ ಹನ್ನೊಂದು. ಇದಲ್ಲದೆ ಸಚ್ಚಾರಿತ್ರ್ಯವೂ, ರಾಜ್ಯಾಂಗದ ಎಂಟನೆಯ ಪರಿಶಿಷ್ಟದಲ್ಲಿರುವ ಒಂದು ಭಾಷೆಯ ಸಾಕಷ್ಟು ಜ್ಞಾನವೂ ಬೇಕು.

ಈ ಕೊನೆಯ ನಿಬಂಧನೆ ಹೊರನಾಡ ಕನ್ನಡಿಗರ ಆಲೋಚನೆಗೆ ಯೋಗ್ಯವಾದುದು. ಶಾಸನ ಕೇಳುವುದು ವಾಸಿಸುವ ರಾಜ್ಯದ ಭಾಷೆಯನ್ನಲ್ಲ, ಪರಿಶಿಷ್ಟದ ಭಾಷೆಗಳಲ್ಲಿ ಒಂದನ್ನು. ಮರಾಠಿಯ ನಗರದಲ್ಲಿದ್ದುಕೊಂಡು ಕನ್ನಡವನ್ನು ಕಲಿತವನೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾನೆ. ಸಂಗಾತಿಯ ನೋಂದಣಿಗಾದರೋ ಕಾಯಿದೆ ಭಾಷಾಜ್ಞಾನವನ್ನು ವಿಧಿಸಿಲ್ಲ. ಅಡುಗೆಮನೆಯಲ್ಲಿ, ಅತ್ತೆಮಾವಂದಿರ ನಡುವೆ, ಭಾಷೆ ತಾನಾಗಿ ಬರುವುದೆಂದು ಶಾಸನಕಾರರು ನಂಬಿದರೋ ಏನೋ. ಆ ನಂಬಿಕೆಯನ್ನು ನಿಜಗೊಳಿಸುವ ಹೊಣೆ ಮನೆಗೂ ಸಂಘಸಂಸ್ಥೆಗಳಿಗೂ ಸೇರಿದ್ದು.

ಒಟ್ಟಿನಲ್ಲಿ ಶಾಸನವು ಸಂಗಾತಿಯನ್ನು ಪತಿಯ ಅಥವಾ ಪತ್ನಿಯ ನೆರಳೆಂದು ಎಣಿಸದೆ ಸ್ವತಂತ್ರ ವ್ಯಕ್ತಿಯೆಂದು ಎಣಿಸುತ್ತದೆ. ವಾಸ ಆ ವ್ಯಕ್ತಿಯದು. ಹಳೆಯ ನಾಡಿನ ತ್ಯಾಗವೂ ಹೊಸ ನಾಡಿನ ಪ್ರತಿಜ್ಞೆಯೂ ಆ ವ್ಯಕ್ತಿಯವೇ. ಈ ಗೌರವದ ಜೊತೆಯಲ್ಲಿಯೇ ಒಂದು ಕಾಠಿಣ್ಯವೂ ಇದೆ: ದಾಂಪತ್ಯ ಮುಗಿದರೆ ಅದುವರೆಗಿನ ವರ್ಷಗಳಿಗೆ ಈ ಖಂಡದಲ್ಲಿ ಬೆಲೆಯಿಲ್ಲ. ಆದುದರಿಂದ ವಿದೇಶೀಯ ಸೊಸೆಯನ್ನೋ ಅಳಿಯನನ್ನೋ ತುಂಬಿಸಿಕೊಂಡ ಮನೆಯವರು, ಬಂದ ದಿನ, ಹೋದ ದಿನ, ಮರಳಿದ ದಿನಗಳನ್ನು ಮೊದಲ ವರ್ಷದಿಂದಲೇ ಬರೆದಿಡುವುದು, ಪರವಾನಗಿಯ ಅವಧಿಯನ್ನು ಮರೆಯದಿರುವುದು, ಅರ್ಹತೆ ಒದಗಿದ ಮೇಲೆ ಅರ್ಜಿಯನ್ನು ಮುಂದೂಡದಿರುವುದು ಅತ್ಯಂತ ಯುಕ್ತ.