ಹಳೆಯ ಜೀಪಿಗೆ ಹೊಸ ಜೀವ: ಕಾನೂನು ಒಪ್ಪುವುದೆಷ್ಟು?

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಹೊರಟರೆ ಸಿಗುವ ಊರು ತೊರವಿ. ನರಸಿಂಹ ದೇವಸ್ಥಾನ, ಎರಡನೇ ಇಬ್ರಾಹಿಂ ಆದಿಲ್‌ಶಾಹಿ ಕಾಲದ ಸಂಗೀತ ಮಹಲ್ ಮತ್ತು ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಿಂದ ಈ ಊರು ನಾಡಿಗೆ ಪರಿಚಿತ. ತೊರವಿಯನ್ನು ದಾಟಿ ಮುಂದೆ ಸಾಗಿದರೆ ತಿಕೋಟಾ, ಬಬಲೇಶ್ವರ ಸೀಮೆಯ ದ್ರಾಕ್ಷಿ ತೋಟಗಳು. ಹಂಗಾಮಿನಲ್ಲಿ ಹಣ್ಣು ಮತ್ತು ಒಣದ್ರಾಕ್ಷಿ ಹೊತ್ತು ಓಡಾಡುವ ಪಿಕಪ್ ವಾಹನಗಳ ಮೂಲಪುರುಷ ಯಾರೆಂದು ಹುಡುಕಿದರೆ, ಆ ಜಾಡು ಹೋಗಿ ನಿಲ್ಲುವುದು ಅಮೆರಿಕದಲ್ಲಿ.

ಅಮೆರಿಕದಲ್ಲಿ ಹಳೆಯ ಪಿಕಪ್ ಟ್ರಕ್ಕುಗಳಿಗೆ ಇಂದು ಬಲು ಬೇಡಿಕೆ. 1947ರಲ್ಲಿ ಬಂದ ಷೆವರ್ಲೆ 3100, 1948ರಲ್ಲಿ ಬಂದ ಫೋರ್ಡ್ ಎಫ್-1 ಮೊದಲಾದವು ಒಂದು ಕಾಲದಲ್ಲಿ ಹುಲ್ಲು, ಕಾಳು, ಹಾಲಿನ ಕ್ಯಾನು ಸಾಗಿಸಿದ ರೈತರ ಗಾಡಿಗಳು. ಈಗ ಅವುಗಳ ಹೊರಮೈಯನ್ನು ಹಾಗೆಯೇ ಉಳಿಸಿ, ಒಳಗೆ ಹೊಸ ಎಂಜಿನ್, ಡಿಸ್ಕ್ ಬ್ರೇಕ್, ಪವರ್ ಸ್ಟೀರಿಂಗ್, ಹವಾನಿಯಂತ್ರಣ ಅಳವಡಿಸಿ ರಸ್ತೆಗಿಳಿಸುತ್ತಾರೆ. ಇದಕ್ಕೆ ‘ರೆಸ್ಟೊಮಾಡ್’ ಎಂದು ಹೆಸರು. ಈ ಗಾಳಿ ನಮ್ಮಲ್ಲಿಗೂ ಬೀಸಿದೆ. ಆದರೆ ಅಲ್ಲಿ ಸಲೀಸಾಗಿ ನಡೆಯುವ ಕೆಲಸ ಇಲ್ಲಿ ಮಾಡಹೊರಟರೆ ವಾಹನದ ನೋಂದಣಿಗೇ ಸಂಚಕಾರ ಬರಬಹುದು. ಹಳೆಯ ಜೀಪನ್ನು ಮನೆಯಂಗಳದಲ್ಲಿ ನಿಲ್ಲಿಸಿಕೊಂಡಿರುವವರು ತಿಳಿಯಬೇಕಾದ ಸಂಗತಿಗಳು ಇಲ್ಲಿವೆ.

ಅಮೆರಿಕದಿಂದ ಬಂದ ವಂಶ

ಭಾರತದಲ್ಲಿ ಅಮೆರಿಕದ ವಾಹನಗಳ ಇತಿಹಾಸ ಹಳೆಯದು. ಜನರಲ್ ಮೋಟಾರ್ಸ್ 1928ರಲ್ಲಿಯೇ ಮುಂಬಯಿಯಲ್ಲಿ ಬಿಡಿಭಾಗಗಳನ್ನು ತರಿಸಿ ಜೋಡಿಸತೊಡಗಿತ್ತು. ದೇಶದಲ್ಲಿಯೇ ಮೋಟಾರು ಕಾರ್ಖಾನೆ ಸ್ಥಾಪಿಸಬೇಕೆಂದು 1930ರ ದಶಕದಲ್ಲಿ ಯೋಜನೆ ರೂಪಿಸಿದವರು ಸರ್ ಎಂ. ವಿಶ್ವೇಶ್ವರಯ್ಯ. ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯದೆ ಅದು ಅಂದುಕೊಂಡಂತೆ ಕೈಗೂಡಲಿಲ್ಲ. ಆ ಕನಸನ್ನು ಮುಂದುವರಿಸಿದ ಉದ್ಯಮಿ ವಾಲಚಂದ ಹೀರಾಚಂದ ಅವರು ವಿಜಯಪುರಕ್ಕೆ ನೆರೆಯಾದ ಸೊಲ್ಲಾಪುರದಲ್ಲಿ ಹುಟ್ಟಿದವರು. ಅಮೆರಿಕದ ಕ್ರೈಸ್ಲರ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ಅವರು ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್, ಮುಂಬಯಿಯ ಕುರ್ಲಾದಲ್ಲಿ ಡಾಜ್, ಡಿಸೋಟೊ ಹಾಗೂ ಫಾರ್ಗೊ ಹೆಸರಿನ ವಾಹನಗಳನ್ನು ತಯಾರಿಸಿತು.

ಹಳ್ಳಿಗಳವರೆಗೆ ತಲುಪಿದ್ದು ಮಾತ್ರ ಜೀಪು. ಎರಡನೇ ಮಹಾಯುದ್ಧಕ್ಕಾಗಿ ಹುಟ್ಟಿದ ವಿಲ್ಲಿಸ್ ಜೀಪನ್ನು ಮಹೀಂದ್ರ ಕಂಪನಿ 1947ರಿಂದ ಮುಂಬಯಿಯಲ್ಲಿ ಜೋಡಿಸಲು ಆರಂಭಿಸಿತು. ವಿಲ್ಲಿಸ್‌ನ ‘ಸಿಜೆ-3ಬಿ’ ಮಾದರಿಯ ತಯಾರಿಕೆ ಅಮೆರಿಕದಲ್ಲಿ 1968ಕ್ಕೆ ನಿಂತಿತು. ಭಾರತದಲ್ಲಿ ಅದರ ರೂಪಾಂತರಗಳು ಮತ್ತೂ ನಾಲ್ಕು ದಶಕ ಬಾಳಿದವು. ಎಂಜಿನ್ನಿನ ಮೇಲೆಯೇ ಚಾಲಕನ ಕ್ಯಾಬಿನ್ ಇರಿಸಿದ್ದ ಅಮೆರಿಕದ ‘ಎಫ್‌ಸಿ’ ಜೀಪ್ ಪಿಕಪ್ ಕೂಡ ಇಲ್ಲಿ ತಯಾರಾಗಿ, ಸಣ್ಣ ಸರಕು ಸಾಗಣೆಯ ವಾಹನವಾಗಿ ಹೆಸರು ಮಾಡಿತು. ಡೀಸೆಲ್ ಯುಗ ಬಂದಾಗ ಫ್ರಾನ್ಸಿನ ಪ್ಯೂಜೊ ಕಂಪನಿಯ ಎಂಜಿನ್ ಜೀಪಿನ ಒಡಲು ಸೇರಿತು. ಅಂದರೆ, ಹಳೆಯ ಮೈಗೆ ಹೊಸ ಎಂಜಿನ್ ಜೋಡಿಸುವ ವಿದ್ಯೆ ನಮಗೆ ಹೊಸದೇನಲ್ಲ. ಕಾರ್ಖಾನೆಯೇ ಅದನ್ನು ಮಾಡಿತ್ತು.

ಈ ವಂಶಕ್ಕೆ ಒಂದು ಸ್ವಾರಸ್ಯಕರ ತಿರುವೂ ಇದೆ. 2018ರಲ್ಲಿ ಮಹೀಂದ್ರ ಕಂಪನಿ ಇದೇ ಜೀಪಿನ ಚಹರೆಯ ‘ರಾಕ್ಸರ್’ ವಾಹನವನ್ನು ಅಮೆರಿಕದಲ್ಲಿ ಮಾರಾಟಕ್ಕಿಟ್ಟಿತು. ಅದು ಜೀಪಿನ ರೂಪವನ್ನು ಹೋಲುತ್ತದೆಂದು ಅಲ್ಲಿನ ಜೀಪ್ ಬ್ರಾಂಡ್‌ನ ಒಡೆಯರಾದ ಫಿಯೆಟ್ ಕ್ರೈಸ್ಲರ್ ಆಕ್ಷೇಪ ಎತ್ತಿದರು. 2020ರಲ್ಲಿ ಅಮೆರಿಕದ ಅಂತರರಾಷ್ಟ್ರೀಯ ವಾಣಿಜ್ಯ ಆಯೋಗ ಫಿಯೆಟ್ ಕ್ರೈಸ್ಲರ್ ಪರವಾಗಿ ತೀರ್ಪಿತ್ತಿತು. ಮಹೀಂದ್ರ ತನ್ನ ವಾಹನದ ಮುಖವನ್ನೇ ಬದಲಿಸಬೇಕಾಯಿತು.

ಏನನ್ನು ಬದಲಿಸುತ್ತಾರೆ?

ಹಳೆಯ ಪಿಕಪ್ ಮತ್ತು ಜೀಪುಗಳಲ್ಲಿ ಚಾಸಿ ಬೇರೆ, ಬಾಡಿ ಬೇರೆ. ಉಕ್ಕಿನ ಚೌಕಟ್ಟಿನ ಮೇಲೆ ಬಾಡಿಯನ್ನು ಬೋಲ್ಟುಗಳಿಂದ ಕೂರಿಸಿರುತ್ತಾರೆ. ಬೋಲ್ಟು ಬಿಚ್ಚಿ ಮೇಲೆತ್ತಿದರೆ ಇಡೀ ವಾಹನ ತೆರೆದ ಪುಸ್ತಕ. ತುಕ್ಕು ಹಿಡಿದ ಭಾಗ ಕತ್ತರಿಸಿ ಬೆಸುಗೆ ಹಾಕುವುದು, ಬಿಡಿಭಾಗ ಬದಲಿಸುವುದು ಇದರಿಂದ ಸುಲಭ. ಈಗಿನ ಕಾರುಗಳಲ್ಲಿ ಎರಡೂ ಒಂದೇ ಆಗಿರುವುದರಿಂದ ಈ ಅನುಕೂಲವಿಲ್ಲ.

ಕೆಲಸ ಆರಂಭವಾಗಬೇಕಾದದ್ದು ಬ್ರೇಕಿನಿಂದ. ಹಳೆಯ ಜೀಪಿನ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್, ಅಷ್ಟಕ್ಕೂ ಎಣ್ಣೆ ಹರಿಯುವ ಮಾರ್ಗ ಒಂದೇ. ಒಂದು ಕಡೆ ಪೈಪು ಒಡೆದರೆ ನಾಲ್ಕೂ ಚಕ್ರಗಳ ಬ್ರೇಕ್ ಹೋದಂತೆ. ಇಳಿಜಾರಿನಲ್ಲಿ ಪದೇ ಪದೇ ಬ್ರೇಕ್ ಒತ್ತಿದರೆ ಡ್ರಮ್ ಕಾದು ಹಿಡಿತ ಸಡಿಲಾಗುತ್ತದೆ. ಆದ್ದರಿಂದ ಮುಂದಿನ ಚಕ್ರಗಳಿಗೆ ಡಿಸ್ಕ್, ಎರಡು ಮಾರ್ಗಗಳ ಮಾಸ್ಟರ್ ಸಿಲಿಂಡರ್ ಮತ್ತು ಒತ್ತಡ ಹೆಚ್ಚಿಸುವ ಬೂಸ್ಟರ್ ಜೋಡಿಸುತ್ತಾರೆ. ಪೆಟ್ರೋಲ್ ಎಂಜಿನ್ನಿನಲ್ಲಿ ಬೂಸ್ಟರಿಗೆ ಬೇಕಾದ ನಿರ್ವಾತ ಎಂಜಿನ್ನಿನಿಂದಲೇ ಸಿಗುತ್ತದೆ. ಡೀಸೆಲ್ಲಿನಲ್ಲಿ ಹಾಗಲ್ಲ, ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಬೇಕು. ಇದನ್ನು ಮರೆತರೆ ಬೂಸ್ಟರ್ ಇದ್ದೂ ಇಲ್ಲದಂತೆ.

ಎರಡನೆಯದು ವಿದ್ಯುತ್ ವ್ಯವಸ್ಥೆ. ಆರಂಭದ ಜೀಪುಗಳಲ್ಲಿದ್ದದ್ದು 6 ವೋಲ್ಟ್. ದೀಪಗಳು ಮಂಕಾಗಿ ಉರಿಯುತ್ತಿದ್ದವು. 12 ವೋಲ್ಟಿನ ಬ್ಯಾಟರಿ, ಡೈನಮೊ ಬದಲಿಗೆ ಆಲ್ಟರ್ನೇಟರ್, ಫ್ಯೂಸ್ ಸಹಿತ ಹೊಸ ವೈರಿಂಗ್ ಹಾಕಿದರೆ ರಾತ್ರಿ ಪ್ರಯಾಣ ಸುರಕ್ಷಿತ. ಹಳೆಯ ವೈರಿನ ಮೇಲಿನ ಹೊದಿಕೆ ಸುಲಿದು ಬೆಂಕಿ ತಗಲುವ ಅಪಾಯವೂ ತಪ್ಪುತ್ತದೆ. ಮೂರನೆಯದು ಸ್ಟೀರಿಂಗ್ ಮತ್ತು ಸೀಟ್ ಬೆಲ್ಟ್.

ಎಂಜಿನ್ ಬರಬೇಕಾದದ್ದು ಕೊನೆಯಲ್ಲಿ. ಆದರೆ ಹೆಚ್ಚಿನವರು ಮೊದಲು ಕೈಹಾಕುವುದು ಅದಕ್ಕೇ! ಸಿಜೆ-3ಬಿ ಜೀಪಿನ ಆಕ್ಸಲ್ ಅನುಪಾತ 5.38. ಅಂದರೆ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ ಐದಕ್ಕೂ ಹೆಚ್ಚು ಸುತ್ತು ತಿರುಗಬೇಕು. ಟಾಪ್ ಗೇರಿನಲ್ಲಿ ಗಂಟೆಗೆ 70 ಕಿ.ಮೀ. ವೇಗ ತಲುಪುವಷ್ಟರಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,800 ಸುತ್ತು ಹಾಕುತ್ತಿರುತ್ತದೆ. ಕೆಸರಿನ ಹೊಲದಲ್ಲಿ ಭಾರ ಎಳೆಯಲೆಂದು ಮಾಡಿದ ಲೆಕ್ಕವಿದು, ಹೆದ್ದಾರಿಗಲ್ಲ. ಆಕ್ಸಲ್, ಗೇರ್‌ಬಾಕ್ಸ್ ಮತ್ತು ಬ್ರೇಕನ್ನು ಹಾಗೆಯೇ ಬಿಟ್ಟು ದುಪ್ಪಟ್ಟು ಶಕ್ತಿಯ ಎಂಜಿನ್ ಕೂರಿಸಿದರೆ ದುರ್ಬಲ ಕೊಂಡಿ ಯಾವುದೋ ಅದು ಮೊದಲು ಮುರಿಯುತ್ತದೆ.

ಕಾನೂನಿನ ಗೆರೆ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಸ್ಪಷ್ಟವಾಗಿದೆ. ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಬಣ್ಣ ಬದಲಾವಣೆಯಂಥ ಸಣ್ಣಪುಟ್ಟ ಸಂಗತಿಗಳನ್ನು ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿಯಲ್ಲಿ ದಾಖಲಿಸಿಕೊಳ್ಳಬಹುದು. ಹಳೆಯ ಎಂಜಿನ್ ಕೆಟ್ಟರೆ ಅದೇ ಮಾದರಿಯ ಎಂಜಿನ್ ಹಾಕಲೂ ಪ್ರಾಧಿಕಾರದ ಅನುಮತಿ ಬೇಕು. ಸಿಎನ್‌ಜಿ ಅಥವಾ ಬ್ಯಾಟರಿಗೆ ಪರಿವರ್ತಿಸುವುದಾದರೆ ಅಧಿಕೃತ ಪರೀಕ್ಷಾ ಸಂಸ್ಥೆ ಒಪ್ಪಿದ ಕಿಟ್ ಅನ್ನೇ ಅಳವಡಿಸಬೇಕು. ಅನುಮತಿಯಿಲ್ಲದ ಬಿಡಿಭಾಗ ಅಳವಡಿಸಿ ಮಾರ್ಪಡಿಸಿದ ಮಾಲೀಕರಿಗೆ 2019ರ ತಿದ್ದುಪಡಿಯ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಇದಕ್ಕಿಂತ ಭಯಪಡಬೇಕಾದದ್ದು ಅಪಘಾತದ ಸಂದರ್ಭಕ್ಕೆ. ವಾಹನವೇ ಆರ್‌ಸಿಗೆ ಹೊಂದದಿದ್ದರೆ ವಿಮೆಯ ಪರಿಹಾರಕ್ಕೆ ತಕರಾರು ಏಳುವುದು ಸಹಜ.

‘ವಿಂಟೇಜ್’ ಎಂದು ನೋಂದಾಯಿಸಿದರೆ ಆಗದೇ ಎಂಬ ಪ್ರಶ್ನೆ ಏಳಬಹುದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದಕ್ಕಾಗಿ ನಿಯಮ ರೂಪಿಸಿದೆ. ಮೊದಲ ನೋಂದಣಿಯಿಂದ 50 ವರ್ಷ ಮೀರಿದ ವಾಹನಗಳಿಗೆ ‘ವಿಎ’ ಸರಣಿಯ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಷರತ್ತುಗಳು ಬಿಗಿಯಾಗಿವೆ. ಚಾಸಿ, ಬಾಡಿ, ಎಂಜಿನ್ ಮೂಲ ಸ್ವರೂಪದಲ್ಲಿಯೇ ಇರಬೇಕು. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿಯಂಥ ಕಾರಣಗಳ ಹೊರತು ನಿತ್ಯದ ಬಳಕೆಗೆ ರಸ್ತೆಗಿಳಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ಇನ್ನೊಂದು ತೊಡಕೂ ಉಂಟು. ನಾಲ್ಕು ಚಕ್ರದ ವಾಹನಗಳಲ್ಲಿ ಈ ನಿಯಮ ಹೇಳುವುದು ಪ್ರಯಾಣಿಕ ವರ್ಗವನ್ನು ಮಾತ್ರ. ಸರಕು ಸಾಗಣೆಯ ವರ್ಗಕ್ಕೆ ಸೇರುವ ಹಳೆಯ ಪಿಕಪ್ ಇದರ ಹೊರಗೆ ಉಳಿಯುತ್ತದೆ!

ಹೀಗಾಗಿ ಅಮೆರಿಕದ ರೆಸ್ಟೊಮಾಡ್ ನಮ್ಮಲ್ಲಿ ಎರಡು ಮನೆಗೂ ಸಲ್ಲದ ಸ್ಥಿತಿಯಲ್ಲಿದೆ. ಎಂಜಿನ್ ಬದಲಿಸಿದರೆ ವಿಂಟೇಜ್ ಅಲ್ಲ, ಸಾಮಾನ್ಯ ನೋಂದಣಿಗೂ ಹೊಂದದು.

ಗುಜರಿ ಸೇರುವ ಮುನ್ನ

ಇದಕ್ಕೆ ಈಗ ಕಾಲದ ಒತ್ತಡವೂ ಸೇರಿದೆ. ತಹಶೀಲ್ದಾರರ ಕಚೇರಿ, ಪೊಲೀಸ್ ಠಾಣೆ, ಕೃಷಿ ಇಲಾಖೆಗಳಲ್ಲಿ ದುಡಿದ ಜೀಪುಗಳು ಹಿಂದೆ ಹರಾಜಿನ ಮೂಲಕ ಜನರ ಕೈಸೇರುತ್ತಿದ್ದವು. ಸರ್ಕಾರಿ ಒಡೆತನದ 15 ವರ್ಷ ಮೀರಿದ ವಾಹನಗಳ ನೋಂದಣಿ ನವೀಕರಣ 2023ರ ಏಪ್ರಿಲ್ 1ರಿಂದ ನಿಂತಿದೆ. ಅವೀಗ ಅಧಿಕೃತ ಗುಜರಿ ಕೇಂದ್ರಗಳ ಪಾಲು. ಖಾಸಗಿ ವಾಹನಗಳಿಗೆ ನಮ್ಮ ರಾಜ್ಯದಲ್ಲಿ ಅಂಥ ವಯೋಮಿತಿ ಇಲ್ಲ. ಯೋಗ್ಯತಾ ಪರೀಕ್ಷೆಯಲ್ಲಿ ತೇರ್ಗಡೆಯಾದರೆ 15 ವರ್ಷದ ನಂತರ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬಹುದು.

ಹಳೆಯ ಜೀಪು ಕೊಳ್ಳುವವರು ಮೊದಲು ನೋಡಬೇಕಾದದ್ದು ಬಣ್ಣವನ್ನಲ್ಲ, ದಾಖಲೆಯನ್ನು. ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಆರ್‌ಸಿಗೆ ತಾಳೆಯಾಗಬೇಕು. ನವೀಕರಣ ಬಾಕಿ ಇದೆಯೇ ಎಂದು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. ಮಾರ್ಪಾಡಿಗೆ ಅನುಮತಿ ಕೇಳುವುದು ಗ್ಯಾರೇಜಿಗೆ ಮುಂಗಡ ಕೊಡುವ ಮೊದಲು, ಕೆಲಸ ಮುಗಿದ ಮೇಲಲ್ಲ. ಬ್ರೇಕಿನ ಬದಲಾವಣೆಯಾದರೂ ಸರಿ, ಲಿಖಿತವಾಗಿ ಕೇಳಿಯೇ ಮುಂದುವರಿಯುವುದು ಲೇಸು. ಚಾಸಿ ಕತ್ತರಿಸುವ ಗೋಜಿಗಂತೂ ಹೋಗಬಾರದು. ಬಿಚ್ಚಿದ ಮೂಲ ಭಾಗಗಳನ್ನು ಗುಜರಿಗೆ ಹಾಕದೆ ಜೋಪಾನವಾಗಿಟ್ಟರೆ ಮುಂದೊಂದು ದಿನ ಮೂಲರೂಪಕ್ಕೆ ತರಲು ದಾರಿ ಉಳಿಯುತ್ತದೆ.

ಮೂಲರೂಪದಲ್ಲಿ ಕಾಪಿಟ್ಟ ವಾಹನಗಳ ಸೊಗಸು ಎಂಥದ್ದೆಂಬುದನ್ನು ಧರ್ಮಸ್ಥಳದ ಕಾರು ಸಂಗ್ರಹಾಲಯ ಮತ್ತು ಶ್ರೀರಂಗಪಟ್ಟಣ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ಕಾಣಬಹುದು. ಅಲ್ಲಿರುವವು ನೋಡುವ ವಾಹನಗಳು. ನಮ್ಮ ಹಳ್ಳಿಗಳ ಹಳೆಯ ಜೀಪು ಇನ್ನೂ ದುಡಿಯಬಲ್ಲದು. ದುಡಿಯುವ ಹಳೆಯ ವಾಹನ ಸುರಕ್ಷಿತವಾಗಬೇಕೆಂದರೆ ಬ್ರೇಕು, ದೀಪ, ಸೀಟ್ ಬೆಲ್ಟಿನಂಥ ಸುಧಾರಣೆಗಳಿಗಾದರೂ ಪರೀಕ್ಷೆಗೆ ಒಳಪಟ್ಟ ಸರಳ ಅನುಮತಿ ಮಾರ್ಗ ಇರಬೇಕಾದದ್ದು ನ್ಯಾಯ. ಬ್ಯಾಟರಿ ಕಿಟ್‌ಗೆ ತೆರೆದ ಬಾಗಿಲನ್ನು ಡಿಸ್ಕ್ ಬ್ರೇಕಿಗೂ ತೆರೆಯುವುದು ಸರ್ಕಾರಕ್ಕೆ ಕಷ್ಟದ ಕೆಲಸವೇನಲ್ಲ.